ಬೆಲ್-ಮೇರ್ ತತ್ವ

ನನ್ನ ಎದುರು ಮನೆಯವನಿಗೆ ಫ್ರೆಂಚ್ ಬರುತ್ತದೆ ಎಂದು ಮೊದಲು ನಂಬಿದ್ದು ಒಂದು ಅರ್ಜಿ ನಮೂನೆ. ಆಮೇಲೆ ನಮ್ಮ ಕಚೇರಿ ನಂಬಿತು. ಕೊನೆಗೆ ಸರ್ಕಾರವೇ ನಂಬಿತು. ಇಷ್ಟು ಜನ ನಂಬಿದ ಮೇಲೆ ಅವನೊಬ್ಬ ನಂಬದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನೂ ನಂಬಿದ. ನಂಬದೆ ಉಳಿದವರು ಒಬ್ಬರೇ, ಅವನ ಅತ್ತೆ. ಅವರಿಗೆ ನಿಜವಾಗಿಯೂ ಫ್ರೆಂಚ್ ಬರುತ್ತಿತ್ತು.

ನಾವಿಬ್ಬರೂ ಗಡಿ ದಾಖಲೆಗಳ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನವರು. ನಾನು ಕರಡು ತಿದ್ದುವವನು, ಅವನು ಹಳೆಯ ನಕ್ಷೆಗಳಿಗೆ ನಂಬರು ಹಾಕುವವನು. ಎಂಟು ವರ್ಷದ ಹಿಂದೆ ಸಿಬ್ಬಂದಿಯ ವಿವರ ತುಂಬುವ ನಮೂನೆ ಬಂದಾಗ ‘ಬಲ್ಲ ಇತರ ಭಾಷೆಗಳು’ ಎನ್ನುವ ಖಾನೆಯನ್ನು ಖಾಲಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮದುವೆಯ ಹೊಸದರಲ್ಲಿ, ಅತ್ತೆಯ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಹನ್ನೊಂದು ದಿನ ಫ್ರೆಂಚ್ ತರಗತಿಗೆ ಹೋಗಿಬಂದಿದ್ದ. ಹನ್ನೆರಡನೆಯ ದಿನ ನೆಗಡಿಯಾಯಿತು. ಆ ನೆಗಡಿ ಇವತ್ತಿನವರೆಗೂ ವಾಸಿಯಾಗಿಲ್ಲ. ಆದರೂ ಖಾನೆಯಲ್ಲಿ ‘ಫ್ರೆಂಚ್’ ಎಂದು ದುಂಡಗೆ ಬರೆದ. ಅಂದಿನಿಂದ ರಜೆ ಚೀಟಿಯ ಕೊನೆಯಲ್ಲಿ ಧನ್ಯವಾದದ ಬದಲು ‘ಮೆರ್ಸಿ’ ಎಂದು ಸೇರಿಸುವುದು ರೂಢಿಯಾಯಿತು. ಕಚೇರಿಯವರು ಅವನನ್ನು ‘ಮೊಸ್ಯೂ’ ಎಂದು ಕರೆಯತೊಡಗಿದರು. ಫ್ರೆಂಚರು ಒಬ್ಬರನ್ನೊಬ್ಬರು ಗೌರವದಿಂದ ಹಾಗೆ ಕರೆಯುತ್ತಾರಂತೆ. ನಮ್ಮಲ್ಲಿ ಗೌರವ ಅಷ್ಟು ಇರಲಿಲ್ಲ, ಹೆಸರು ಮಾತ್ರ ಉಳಿಯಿತು.

ಇನ್ನು ನಮ್ಮ ಗಡಿಯ ವಿಷಯ. ನಮಗೂ ನೆರೆಯ ದೇಶಕ್ಕೂ ನಡುವೆ ಒಂದು ಹೊಳೆ, ಹೊಳೆಯ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಹುಲ್ಲು ಬಿಟ್ಟರೆ ಏನೂ ಇಲ್ಲ. ನಲವತ್ತು ವರ್ಷದ ಹಿಂದೆ ಪ್ರವಾಹ ಬಂದಾಗ ನಮ್ಮವರು ಎರಡು ದಿನದ ಮಟ್ಟಿಗೆ ಎಂದು ಅಲ್ಲೊಂದು ಕಾವಲು ಗುಡಿಸಲು ಹಾಕಿದರು. ಪ್ರವಾಹ ಇಳಿಯಿತು, ಗುಡಿಸಲು ಉಳಿಯಿತು. ನಾವು ಅದನ್ನು ‘ಮರಳಿ ಸೇರಿದ ನೆಲ’ ಎನ್ನುತ್ತೇವೆ, ಹೊಳೆಯಾಚೆಯವರು ‘ಆಕ್ರಮಿತ ನೆಲ’ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಮಾತುಕತೆ ನಡೆಯುತ್ತಿದೆ. ಅವರ ಭಾಷೆ ನಮಗೆ ಬೇಡ, ನಮ್ಮ ಭಾಷೆ ಅವರಿಗೆ ಬೇಡ. ಹಾಗಾಗಿ ಎರಡೂ ಕಡೆ ಯಾರಿಗೂ ಬಾರದ ಫ್ರೆಂಚಿನಲ್ಲಿ ವ್ಯವಹಾರ ನಡೆಸುವುದೆಂದು ತೀರ್ಮಾನವಾಗಿ, ದೂರದ ದೇಶದಿಂದ ಒಬ್ಬ ನಿವೃತ್ತ ನ್ಯಾಯಾಧೀಶೆಯನ್ನು ಮಧ್ಯಸ್ಥರಾಗಿ ಕರೆಸಿದ್ದರು. ಹದಿನಾಲ್ಕು ವರ್ಷದಲ್ಲಿ ಒಮ್ಮತದಿಂದ ಆದ ತೀರ್ಮಾನ ಅದೊಂದೇ.

ಆ ಮಧ್ಯಸ್ಥರು ಒಂದು ದಿನ ಬೇಸತ್ತು ಪತ್ರ ಬರೆದರು. ಮುಂದಿನ ಸಭೆಗೆ ಮೊದಲು ಎರಡೂ ದೇಶಗಳು ತಾವು ಬಳಸುವ ಚಾರಿತ್ರಿಕ ಪದಗಳ ಫ್ರೆಂಚ್ ಪಟ್ಟಿ ಕೊಡಬೇಕು. ಒಂದೊಂದು ಪದಕ್ಕೂ ಅರ್ಥ, ಅರ್ಥದ ಕೆಳಗೆ ಒಂದು ಪ್ರಯೋಗವಾಕ್ಯ.

ನಮ್ಮ ನಿರ್ದೇಶಕರು ಸಿಬ್ಬಂದಿಯ ನಮೂನೆಗಳ ಕಟ್ಟನ್ನು ತಾವೇ ಬಿಚ್ಚಿ ಕೂತರು. ಅರ್ಧ ಗಂಟೆಯಲ್ಲಿ ಹೊರಗೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಸಿಕ್ಕಿದ! ನಮ್ಮಲ್ಲೇ ಇದಾನೆ! ಏನಪ್ಪಾ ಮೊಸ್ಯೂ, ಇಷ್ಟು ವರ್ಷ ಬಾಯಿ ಮುಚ್ಕೊಂಡು ನಂಬರ್ ಹಾಕ್ತಾ ಕೂತಿದ್ಯಲ್ಲೋ!”

ಮೊಸ್ಯೂ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.

“ಹೇಳ್ಕೊಳ್ಳೋ ಅಭ್ಯಾಸ ಇಲ್ಲ ಸರ್,” ಎಂದ ಅವನು.

ಇಪ್ಪತ್ತೇಳು ಪದ, ಹತ್ತು ದಿನ. ಕೆಲಸ ಸರಿಯಾದರೆ ‘ಭಾಷಾಧಿಕಾರಿ’ ಎಂಬ ಹೊಸ ಹುದ್ದೆ. ಜೊತೆಗೆ ನಿರ್ದೇಶಕರ ಒಂದು ಸುತ್ತೋಲೆ: ಪ್ರಯೋಗವಾಕ್ಯಗಳಲ್ಲಿ ಹೊಳೆ, ದಿಬ್ಬ, ಗುಡಿಸಲು, ಸೈನಿಕ, ಎರಡೂ ದೇಶಗಳ ಹೆಸರು, ಇವು ಯಾವುವೂ ಬರಕೂಡದು. ಒಂದು ವಾಕ್ಯದಿಂದ ದೇಶ ಕೈಬಿಟ್ಟುಹೋಗಬಹುದು. ಈ ಸುತ್ತೋಲೆಯ ಕರಡನ್ನು ತಿದ್ದಿದವನು ನಾನೇ. ಮುಂದೆ ಆದದ್ದರಲ್ಲಿ ನನ್ನ ಪಾಲು ಇಷ್ಟು ಎಂದು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಸಂಜೆಯ ಹೊತ್ತಿಗೆ ಸುದ್ದಿ ಮೊಸ್ಯೂಗಿಂತ ಮೊದಲೇ ಮಹಡಿ ಹತ್ತಿತ್ತು. ಕೆಳಮನೆಯ ದರ್ಜಿ ಅಳತೆ ಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಬಂದು ಕೈ ಕುಲುಕಿದ. ಮೇಲ್ಮನೆಯ ನರ್ಸಮ್ಮ ತನ್ನ ಔಷಧಿ ಡಬ್ಬಿಯ ಮೇಲಿನ ಫ್ರೆಂಚನ್ನು ಓದಿಸಲು ತಂದಳು. ಮೊಸ್ಯೂ ಡಬ್ಬಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, “ಊಟ ಆದ್ಮೇಲೆ ತಗೊಳ್ಳಿ,” ಎಂದ. ಅದು ಮೊಣಕಾಲಿಗೆ ಹಚ್ಚುವ ಮುಲಾಮು ಎಂದು ಆಮೇಲೆ ಗೊತ್ತಾಯಿತು.

ಮರುದಿನವೇ ಬಾಗಿಲ ಮೇಲೆ ಹಿತ್ತಾಳೆಯ ಫಲಕ ಬಂತು. ಫಲಕ ಬಂದ ಮೇಲೆ ಒಳಗೊಂದು ಕಚೇರಿ ಬೇಡವೇ? ಮನೆಯಲ್ಲಿ ಇದ್ದದ್ದು ಮೂರು ಕೋಣೆ. ಅವುಗಳಲ್ಲಿ ಬೀದಿ ಕಡೆ ಕಿಟಕಿ ಇದ್ದದ್ದು ಒಂದಕ್ಕೇ, ಮುಂದಿನ ಕೋಣೆಗೆ. ಅದು ಅತ್ತೆಯದು.

ಅತ್ತೆ ಎಂದರೆ ಅವನಿಗೆ ಮಾತ್ರ ಅತ್ತೆ ಅಲ್ಲ, ಇಡೀ ಮಹಡಿಯೇ ಅವರನ್ನು ಹಾಗೆ ಕರೆಯುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಫ್ರೆಂಚ್ ಕಲಿಸಿದವರು. ಗಂಡ ತೀರಿಕೊಂಡ ವರ್ಷ ಮಗಳ ಮನೆಗೆ ಬಂದರು. ಆ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಬೆಳಿಗ್ಗೆ ಎಂಟಕ್ಕೆ ಶಾಲೆಯ ಹುಡುಗಿಯರು ಅಲ್ಲಿ ಗುಂಪು ಸೇರುತ್ತಾರೆ, ಅತ್ತೆ ಕಿಟಕಿಯಲ್ಲಿ ಕೂತು ಹಾಜರಿ ಹಾಕುವವರಂತೆ ಎಣಿಸುತ್ತಾರೆ. ಯಾವಳಾದರೂ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಮೇಲಿನಿಂದಲೇ ಕೂಗಿ ಜ್ವರವೋ ಸೋಮಾರಿತನವೋ ಎಂದು ವಿಚಾರಿಸುತ್ತಾರೆ. ಹುಡುಗಿಯರೂ ಬಸ್ಸು ಹತ್ತುವ ಮೊದಲು ಮೇಲೆ ನೋಡಿ ಕೈ ಬೀಸುತ್ತಾರೆ. ಅತ್ತೆಗೆ ದಿನ ಶುರುವಾಗುವುದೇ ಆಗ.

ಮೊಸ್ಯೂ ಕೆಟ್ಟವನಲ್ಲ. ಅವನೇನೂ ಅತ್ತೆಯನ್ನು ಕೋಣೆಯಿಂದ ಹೊರಗೆ ಹಾಕಲಿಲ್ಲ. ಮೊದಲು ಒಂದು ಫೈಲು ತಂದಿಟ್ಟ, ಎರಡು ದಿನಕ್ಕೆ ಎಂದು. ಫೈಲಿಗೆ ಕಪಾಟು ಬೇಕಾಯಿತು. ಕಪಾಟಿನ ಮುಂದೆ ಮೇಜು ಬಂತು. ಮೇಜು ಬಂದ ಮೇಲೆ ಮಂಚ ಅಡ್ಡವಾಯಿತು. “ಕೋಣೆಗೆ ಬಣ್ಣ ಹೊಡೆಸ್ತೀನಿ ಅತ್ತೆ, ಅಲ್ಲಿವರೆಗೆ ಹಿಂದಿನ ರೂಮಲ್ಲಿ ಇರಿ,” ಎಂದ. ಮಂಚದ ಒಂದು ತುದಿ ಹಿಡಿದವನು ನಾನು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಸಾಮಾನು ಇಡುವ ಹಲಗೆಗಳೂ ಒಂದು ಬಲ್ಬೂ ಇದ್ದವು. ಬಣ್ಣದವನು ಮಾತ್ರ ಬರಲಿಲ್ಲ.

ಇಷ್ಟಾದ ಮೇಲೆ ಮೊಸ್ಯೂ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು, ಇಪ್ಪತ್ತೇಳು ಪದಗಳ ಪಟ್ಟಿ ತೆರೆದ. ಮೂರು ದಿನ ಕೂತ. ನಾಲ್ಕನೆಯ ದಿನ ಪಟ್ಟಿ ಹಿಡಿದುಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಸಾಕ್ಷಿಗೆ ಇರಲೆಂದು ನನ್ನನ್ನೂ ಎಳೆದುಕೊಂಡು ಹೋಗಿದ್ದ.

“ಅತ್ತೆ, ಎಲ್ಲಾ ಮುಗಿದಿದೆ. ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡಿ.”

ಅತ್ತೆ ಕನ್ನಡಕ ಏರಿಸಿ ಹಾಳೆ ನೋಡಿದರು. ಅದರಲ್ಲಿ ಶೀರ್ಷಿಕೆ ಇತ್ತು, ಕೆಳಗೆ ಒಂದು ಗೆರೆ ಇತ್ತು.

“ಗೆರೆ ನೇರವಾಗಿದೆ ಅಳಿಯಂದಿರೇ,” ಎಂದರು.

“ಉಳಿದಿದ್ದು ನೀವೇ…”

“ಆಗಲಿ. ಮೊದಲು ಇದು ಹೇಳಿ. ‘ಮರಳಿ ಸೇರಿದ ನೆಲ’ ಅಂತ ಬರೆದಿದೀರಿ. ಇದಕ್ಕೆ ಫ್ರೆಂಚಲ್ಲಿ ‘ರತಾಶ್ಮಾಂ’ ಅಂತಾನೂ ಹೇಳಬಹುದು, ‘ಅನೆಕ್ಸ್ಯೋಂ’ ಅಂತಾನೂ ಹೇಳಬಹುದು. ಸೇರಿಸಿಕೊಂಡವನು ಮೊದಲನೇದು ಅಂತಾನೆ. ಕಳಕೊಂಡವನು ಎರಡನೇದು ಅಂತಾನೆ. ನೀವು ಯಾರ ಕಡೆ?”

“ನಾನು ಸರ್ಕಾರದ ಕಡೆ ಅತ್ತೆ.”

“ಅದು ಗೊತ್ತು. ನೆಲ ಯಾರದಾಗಿತ್ತು? ಇವರು ಯಾವಾಗ ಕಾಲಿಟ್ರು? ಕೇಳಿ ಇಟ್ರಾ, ಕೇಳದೆ ಇಟ್ರಾ? ಇದು ತಿಳೀದೆ ಒಂದು ಪದಾನೂ ಬೇರೆ ಭಾಷೆಗೆ ಹೋಗಲ್ಲ.”

ಮೊಸ್ಯೂ ದಿಬ್ಬದ ಕಥೆಯನ್ನೆಲ್ಲ ಹೇಳಿದ. ಎರಡು ದಿನಕ್ಕೆಂದು ಗುಡಿಸಲು ಹಾಕಿದ್ದು, ಗುಡಿಸಲಿನ ಹಿಂದೆ ಬೇಲಿ ಬಂದದ್ದು, ಬೇಲಿಯ ಒಳಗೆ ಧ್ವಜಕಂಬ ಬಂದದ್ದು. ಅತ್ತೆ ಕೇಳುತ್ತಾ ಕೇಳುತ್ತಾ ಸೆಟೆದು ಕೂತರು. ಕಣ್ಣಲ್ಲಿ ಏನೋ ಹೊಳಪು ಬಂತು.

“ಅರ್ಥ ಆಯ್ತು. ಚೆನ್ನಾಗಿ ಅರ್ಥ ಆಯ್ತು. ಪ್ರಯೋಗವಾಕ್ಯಕ್ಕೆ ಏನು ಬರೀಲಿ?”

“ಹೊಳೆ, ದಿಬ್ಬ ಬರಬಾರದಂತೆ. ನಿಮಗೆ ತೋಚಿದ್ದು ಬರೀರಿ ಅತ್ತೆ. ಮನೆ ವಿಷಯ ಆದ್ರೂ ಸಾಕು.”

ಈ ಮಾತನ್ನು ಅವನು ಹೇಳಿದ್ದು ನನ್ನ ಎರಡು ಕಿವಿಯಾರೆ ಕೇಳಿದ್ದೇನೆ. ಬೇಕಾದರೆ ಎಲ್ಲಿ ಬೇಕಾದರೂ ಹೇಳುತ್ತೇನೆ.

ಮೂರೇ ದಿನದಲ್ಲಿ ಅತ್ತೆ ಇಪ್ಪತ್ತೇಳು ಪದಗಳನ್ನೂ ಮುಗಿಸಿದರು. ಮುತ್ತು ಪೋಣಿಸಿದ ಹಾಗಿದ್ದ ಅಕ್ಷರಗಳನ್ನು ಮೊಸ್ಯೂ ಒಂದೊಂದಾಗಿ ನೋಡಿಕೊಂಡು ಟೈಪು ಮಾಡಿದ. ನಾನು ಪಕ್ಕದಲ್ಲಿ ಕೂತು ಅಕ್ಷರಗಳ ತಲೆಯ ಮೇಲಿನ ಗೀಟುಗಳನ್ನು ತಾಳೆ ನೋಡಿದೆ. ಒಂದು ಪದ ಮಾತ್ರ ಪುಟಕ್ಕೆ ಮೂರು ಸಲ ಎದುರಾಗುತ್ತಿತ್ತು.

“ಅತ್ತೆ, ಈ ‘ಬೆಲ್-ಮೇರ್’ ಅಂದ್ರೇನು? ಎಲ್ಲಾ ಕಡೆ ಬರ್ತಾ ಇದೆ,” ಎಂದು ಅವನು ಕೂಗಿ ಕೇಳಿದ.

“ಗಡಿ ವಿಷಯದಲ್ಲಿ ಬಹಳ ಮುಖ್ಯವಾದ ಮಾತು ಅದು,” ಎಂದು ಹಿಂದಿನ ಕೋಣೆಯಿಂದ ಉತ್ತರ ಬಂತು. “ಅದನ್ನ ಮರೆತವರಿಗೆ ನೆಮ್ಮದಿ ಇಲ್ಲ.”

ಮೊಸ್ಯೂ ಪಟ್ಟಿಯನ್ನೂ ಈ ಮಾತನ್ನೂ ಹಾಗೆಯೇ ಕೊಂಡೊಯ್ದು ನಿರ್ದೇಶಕರಿಗೆ ಒಪ್ಪಿಸಿದ. ನಿರ್ದೇಶಕರು ಪಟ್ಟಿಯನ್ನು ತಲೆಕೆಳಗಾಗಿಯೇ ಹಿಡಿದು ಪುಟ ತಿರುವಿ, “ಭಲೇ! ಬೆಲ್-ಮೇರ್ ಎಷ್ಟು ಸಲ ಹಾಕಿದೀಯ! ಆಚೆಯವರ ಪಟ್ಟೀಲಿ ಇದು ಒಂದಾದ್ರೂ ಇರುತ್ತಾ?” ಎಂದು ಮೊಹರು ಒತ್ತಿದರು. ಒತ್ತಿದ ರಭಸಕ್ಕೆ ಮೇಜಿನ ಮೇಲಿದ್ದ ಚಹಾ ಚೆಲ್ಲಿತು.

ಸಭೆಯ ದಿನ ನಮ್ಮ ಇಡೀ ವಿಭಾಗ ಹೊಸ ಬಟ್ಟೆಯಲ್ಲಿ ಬಂದಿತ್ತು. ಉದ್ದನೆಯ ಸಭಾಂಗಣ, ಕುದುರೆ ಲಾಳದ ಆಕಾರದ ಮೇಜು. ಒಂದು ಕಡೆ ನಾವು, ಒಂದು ಕಡೆ ಹೊಳೆಯಾಚೆಯವರು, ನಡುವೆ ಮಧ್ಯಸ್ಥರು. ಗಾಜಿನ ಗೂಡಿನಲ್ಲಿ ದುಭಾಷಿ ಕೂತಿದ್ದಳು. ಯಾರು ಅತ್ತರೂ ಕೂಗಾಡಿದರೂ ಅವಳು ರೈಲು ನಿಲ್ದಾಣದ ಪ್ರಕಟಣೆಯ ದನಿಯಲ್ಲೇ ಹೇಳುತ್ತಾಳೆ ಎಂದು ಹೆಸರಾದವಳು. ಹಿಂದಿನ ಸಾಲಿನಲ್ಲಿ ಪತ್ರಿಕೆಯವರು. ಮೊಸ್ಯೂ ಮೊದಲ ಸಾಲಿನಲ್ಲಿ, ಹೊಸ ಟೈಯಲ್ಲಿ ಉಸಿರು ಕಟ್ಟಿಕೊಂಡು ಕೂತಿದ್ದ.

ನಮ್ಮ ನಿರ್ದೇಶಕರು ಎದ್ದು ನಿಂತು ಮೇಜು ಗುದ್ದಿದರು.

“ನಮ್ಮ ದೇಶ ಇಂದಿಗೂ ಎಂದೆಂದಿಗೂ ಬೆಲ್-ಮೇರ್ ತತ್ವಕ್ಕೆ ಬದ್ಧವಾಗಿದೆ! ಬೆಲ್-ಮೇರ್ ವಿಷಯದಲ್ಲಿ ನಾವು ಒಂದು ಅಂಗುಲವೂ ಹಿಂದೆ ಸರಿಯುವುದಿಲ್ಲ!”

ಮಧ್ಯಸ್ಥರು ಪೆನ್ನು ಕೆಳಗಿಟ್ಟರು. ಹೊಳೆಯಾಚೆಯ ಮುಖಂಡರು ಬಿಡುತ್ತಾರೆಯೇ? ಅವರೂ ಎದ್ದರು, ನಮಗಿಂತ ಜೋರಾಗಿ ಗುದ್ದಿದರು.

“ಬೆಲ್-ಮೇರ್ ಯಾರಪ್ಪನ ಆಸ್ತಿಯೂ ಅಲ್ಲ! ಅದರ ಮೇಲೆ ನಮಗೆ ಇನ್ನೂರು ವರ್ಷದ ಹಕ್ಕಿದೆ! ನಮ್ಮ ಬೆಲ್-ಮೇರನ್ನು ನಮಗೆ ಒಪ್ಪಿಸುವವರೆಗೆ ನಾವು ಇಲ್ಲಿಂದ ಏಳುವುದಿಲ್ಲ!”

ಗಾಜಿನ ಗೂಡಿನಲ್ಲಿ ದುಭಾಷಿ ಮೊದಲ ಬಾರಿಗೆ ಕೆಮ್ಮಿದಳು. ಮಧ್ಯಸ್ಥರು ಒಂದು ಲೋಟ ನೀರು ಪೂರ್ತಿ ಕುಡಿದು, ನಮ್ಮ ಪಟ್ಟಿಯನ್ನು ಕೈಗೆತ್ತಿಕೊಂಡರು. ಅವರು ಫ್ರೆಂಚಿನಲ್ಲಿ ಓದುತ್ತಾ ಹೋದಂತೆ ದುಭಾಷಿಯ ದನಿ ಸಭಾಂಗಣಕ್ಕೆಲ್ಲ ಕೇಳಿಸಿತು. ಅವರು ‘ಬೆಲ್-ಮೇರ್’ ಎಂದ ಕಡೆಯಲ್ಲೆಲ್ಲ ಇವಳು ‘ಅತ್ತೆ’ ಎಂದಳು.

“ಪದ ಒಂದು. ತಾತ್ಕಾಲಿಕ ಉಪಸ್ಥಿತಿ. ಪ್ರಯೋಗ: ಅಳಿಯನು ಅತ್ತೆಯ ಕೋಣೆಯಲ್ಲಿ ಒಂದು ಫೈಲನ್ನು ಇಟ್ಟನು. ಎರಡು ದಿನಕ್ಕೆ ಎಂದನು.”

ನಿರ್ದೇಶಕರು ತಲೆಯಾಡಿಸಿದರು. ಹೊಳೆಯಿಲ್ಲ, ದಿಬ್ಬವಿಲ್ಲ, ಸುತ್ತೋಲೆಯ ಪ್ರಕಾರ ಸರಿಯಾಗಿಯೇ ಇದೆ.

“ಪದ ಎರಡು. ಅತಿಕ್ರಮಣ. ಪ್ರಯೋಗ: ಫೈಲಿನ ಹಿಂದೆ ಕಪಾಟು ಬಂದಿತು. ಕಪಾಟಿನ ಹಿಂದೆ ಮೇಜು ಬಂದಿತು.”

“ಪದ ಐದು. ಜನರ ಬಲವಂತದ ಸ್ಥಳಾಂತರ. ಪ್ರಯೋಗ: ಬಣ್ಣ ಹೊಡೆಸುವ ನೆಪದಲ್ಲಿ ಅತ್ತೆಯ ಮಂಚವನ್ನು ಅಡುಗೆಮನೆಯ ಹಿಂದಕ್ಕೆ ಸಾಗಿಸಲಾಯಿತು. ಎದುರು ಮನೆಯವನು ಸಹಕರಿಸಿದನು.”

ಎದುರು ಮನೆಯವನ ಹಣೆಯಲ್ಲಿ ಬೆವರು ಮೂಡಿತು. ಆ ಎದುರು ಮನೆಯವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

“ಪದ ಒಂಬತ್ತು. ವಾಸ್ತವ ನಿಯಂತ್ರಣ. ಪ್ರಯೋಗ: ಕಿಟಕಿ ತೆರೆಯಬೇಕೋ ಬೇಡವೋ ಎಂಬುದನ್ನು ಈಗ ಅಳಿಯನು ತೀರ್ಮಾನಿಸುತ್ತಾನೆ. ಅವನು ತೆರೆಯುವುದಿಲ್ಲ. ಹಾಳೆ ಹಾರುತ್ತದಂತೆ.”

“ಪದ ಹನ್ನೆರಡು. ನಡುವಣ ವಲಯ. ಪ್ರಯೋಗ: ಅತ್ತೆಗೂ ಅಳಿಯನಿಗೂ ನಡುವೆ ಮಗಳು ಇದ್ದಾಳೆ. ಎರಡು ಕಡೆಯ ಏಟೂ ಅವಳಿಗೇ ಬೀಳುತ್ತದೆ.”

ಹೊಳೆಯಾಚೆಯ ಮುಖಂಡರು ಕುರ್ಚಿಯಿಂದ ಚಿಮ್ಮಿದರು.

“ಒಪ್ಪಿಕೊಂಡ್ರು! ದಾಖಲೆ ಮಾಡ್ಕೊಳ್ಳಿ, ಒಪ್ಪಿಕೊಂಡ್ರು! ಅಳಿಯ ಅಂದ್ರೆ ಅವರ ಸರ್ಕಾರ! ಅತ್ತೆ ಅಂದ್ರೆ ನಮ್ಮ ತಾಯ್ನಾಡು! ಫೈಲು ಅಂದ್ರೆ ಆ ಗುಡಿಸಲು! ಎರಡು ದಿನಕ್ಕೆ ಅಂತ ಇಟ್ಟಿದ್ದು ಅವರೇ ಬರೆದು ಕೊಟ್ಟಿದ್ದಾರೆ!”

“ಸುಳ್ಳು!” ಎಂದು ನಮ್ಮ ನಿರ್ದೇಶಕರು ಚೀರಿದರು. “ಅಳಿಯ ಅಂದ್ರೆ ಅಳಿಯ! ಮೊಸ್ಯೂ, ಎದ್ದು ನಿಲ್ಲು! ಈ ಅಳಿಯ ಯಾರು ಅಂತ ಹೇಳು!”

ಪತ್ರಿಕೆಯವರು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದರೋ ತಿಳಿಯದು. ಮೊಸ್ಯೂ ಎದ್ದ.

“ಕಾಲ್ಪನಿಕ ಸರ್. ಅಂಥ ಅಳಿಯ ಎಲ್ಲೂ ಇಲ್ಲ.”

ಮಧ್ಯಸ್ಥರು ಅವನನ್ನೇ ನೋಡುತ್ತಾ ಪುಟ ತಿರುವಿದರು.

“ಪದ ಇಪ್ಪತ್ತೇಳು. ಹಿಂದಿದ್ದ ಯಥಾಸ್ಥಿತಿ. ಪ್ರಯೋಗ: ಕಳೆದ ತಿಂಗಳು ಹತ್ತನೆಯ ತಾರೀಕು ಬೆಳಿಗ್ಗೆ ಒಂಬತ್ತೂವರೆಯವರೆಗೆ ಮಂಚವು ಕಿಟಕಿಯ ಕೆಳಗೇ ಇತ್ತು. ಹಿತ್ತಾಳೆಯ ಫಲಕ ಬಾಗಿಲಿಗೆ ಬಂದದ್ದು ಅದರ ಹಿಂದಿನ ದಿನ.”

ಆಮೇಲೆ ಮಧ್ಯಸ್ಥರು ಮೊಸ್ಯೂ ಕಡೆ ತಿರುಗಿ ನೇರವಾಗಿ ಫ್ರೆಂಚಿನಲ್ಲಿ ಏನೋ ಕೇಳಿದರು. ಉದ್ದನೆಯ ಪ್ರಶ್ನೆ. ದುಭಾಷಿ ಬೇಕೆಂದೇ ಸುಮ್ಮನಿದ್ದಳು ಎಂದು ನನಗೆ ಈಗಲೂ ಅನುಮಾನ. ಸಭೆಗೆ ಸಭೆಯೇ ಅವನ ತುಟಿಯನ್ನು ನೋಡಿತು.

“ಮೆರ್ಸಿ,” ಎಂದ ಮೊಸ್ಯೂ.

ಆಮೇಲೆ ದುಭಾಷಿ ಹೇಳಿದಳು, ಪ್ರಶ್ನೆ ಏನಾಗಿತ್ತೆಂದರೆ, ‘ಸ್ವಾಮಿ, ನಿಮಗೆ ಫ್ರೆಂಚ್ ಬರುವುದಿಲ್ಲ ಎಂದು ನಾನು ತಿಳಿಯಬಹುದೇ?’

ಅಲ್ಲಿಗೆ ಕಟ್ಟೆ ಒಡೆಯಿತು. “ನನ್ನದಲ್ಲಮ್ಮಾ, ನಮ್ಮತ್ತೆ ಬರೆದದ್ದು! ನಾನು ಬರೀ ಗೆರೆ ಎಳೆದೆ!” ಎಂದು ಅವನು ಕೈ ಮುಗಿದುಬಿಟ್ಟ. ನಿರ್ದೇಶಕರು ಕುರ್ಚಿ ಇದೆಯೆಂದುಕೊಂಡು ಕೂರಲು ಹೋಗಿ ನೆಲದ ಮೇಲೆ ಕೂತರು. ಹೊಳೆಯಾಚೆಯವರು ಹೋ ಎಂದರು. ಮಧ್ಯಸ್ಥರು ಮಾತ್ರ ಮೇಜಿನ ಮೇಲಿನ ಗಂಟೆ ಬಾರಿಸಿ, ಈ ಪಟ್ಟಿಯ ನಿಜವಾದ ಲೇಖಕಿಯನ್ನು ಈಗಿಂದೀಗಲೇ ಕರೆತರಬೇಕು, ಅಲ್ಲಿಯವರೆಗೆ ದಿಬ್ಬದ ಮಾತು ಎತ್ತುವಂತಿಲ್ಲ ಎಂದು ಅಪ್ಪಣೆ ಮಾಡಿದರು.

ಸರ್ಕಾರಿ ಕಾರಿನಲ್ಲಿ ಕರೆತರಲು ಹೋದವನು ನಾನು. ಮುಂದೆ ಪೊಲೀಸ್ ಬೈಕು, ಹಿಂದೆ ಪತ್ರಿಕೆಯವರ ಮೂರು ಗಾಡಿ. ನಮ್ಮ ಬೀದಿಯಲ್ಲಿ ದರ್ಜಿ ಹೊಲಿಗೆ ನಿಲ್ಲಿಸಿ ಹೊರಗೆ ಬಂದ. ನರ್ಸಮ್ಮ ಮೇಲಿನಿಂದ, “ಯುದ್ಧ ಶುರುವಾಯ್ತಾ?” ಎಂದು ಕೂಗಿದಳು. ಬಾಗಿಲು ತೆರೆದ ಮೊಸ್ಯೂನ ಹೆಂಡತಿ ಒಂದೇ ಮಾತು ಕೇಳಿದಳು.

“ನಮ್ಮೋರು ಸಿಕ್ಕಿಬಿದ್ರಾ?”

“ಪೂರ್ತಿ.”

“ಅಮ್ಮಾ,” ಎಂದು ಅವಳು ಒಳಗೆ ಕೂಗಿದಳು, “ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಓದಿದ್ರಂತೆ! ಬೇಗ ಬಾ!”

ಆಗ ನನಗೆ ತಿಳಿಯಿತು, ಆ ನಡುವಣ ವಲಯಕ್ಕೂ ಎಲ್ಲಾ ಗೊತ್ತಿತ್ತು ಎಂದು.

ಅತ್ತೆ ಇಸ್ತ್ರಿಯಾದ ಬಟ್ಟೆಯಲ್ಲಿ, ಕೈಚೀಲ ಹಿಡಿದು, ಪರೀಕ್ಷೆಯ ಮೇಲ್ವಿಚಾರಣೆಗೆ ಹೊರಟವರಂತೆ ಸಭಾಂಗಣಕ್ಕೆ ಬಂದರು. ಮಧ್ಯಸ್ಥರು ಎದ್ದು ನಿಂತರು. ಇಬ್ಬರು ಮುದುಕಿಯರೂ ಹತ್ತು ನಿಮಿಷ ಫ್ರೆಂಚಿನಲ್ಲಿ ಮಾತಾಡಿದರು, ನಡುನಡುವೆ ನಕ್ಕರು, ಒಮ್ಮೆ ಇಬ್ಬರೂ ಒಟ್ಟಿಗೆ ಮೊಸ್ಯೂ ಕಡೆ ನೋಡಿದರು. ಅವನು ಟೈ ಸಡಿಲಿಸಿದ. ಆಮೇಲೆ ಮಧ್ಯಸ್ಥರು ಪ್ರಕಟಿಸಿದರು. ಮೊದಲು ಈ ಕೋಣೆಯ ವಿವಾದ ಇತ್ಯರ್ಥವಾಗಲಿ, ಎರಡೂ ನಿಯೋಗಗಳು ತಮ್ಮ ವಾದ ಮಂಡಿಸಲಿ.

ಹೊಳೆಯಾಚೆಯ ಮುಖಂಡರು ಹಾಡಿನಂತೆ ಶುರುಮಾಡಿದರು. “ಎರಡು ದಿನಕ್ಕೆ ಅಂತ ಬಂದವನು ಎರಡು ದಿನಕ್ಕೆ ಹೋಗಬೇಕು. ಕಪಾಟು ಎಷ್ಟು ದಿನ ನಿಂತಿದ್ರೂ ಕೋಣೆ ಕಪಾಟಿನದಾಗಲ್ಲ. ಮಂಚ ವಾಪಸ್ ಹೋಗಲಿ!”

ನಮ್ಮ ನಿರ್ದೇಶಕರ ಪಾಡು ನೋಡುವ ಹಾಗಿರಲಿಲ್ಲ. ಅಳಿಯನನ್ನು ಬಿಟ್ಟುಕೊಟ್ಟರೆ ದಿಬ್ಬ ಹೋಯಿತು. ಅವರು ಕೆಮ್ಮಿ, ಬೆವರು ಒರೆಸಿಕೊಂಡು, “ಮಧ್ಯಸ್ಥರೇ, ಆಡಳಿತದ ಅನುಕೂಲ ಅಂತ ಒಂದಿರುತ್ತೆ. ಅಳಿಯ ಆ ಕೋಣೇನ ಅಭಿವೃದ್ಧಿ ಮಾಡಿದಾನೆ. ಮೇಜು ಹಾಕಿದಾನೆ. ಅಲ್ಲದೆ ಅತ್ತೆಯವರ ಹತ್ರ ಕೋಣೆ ತಮ್ಮದು ಅನ್ನೋಕೆ ಲಿಖಿತ ಒಪ್ಪಂದ ಏನಿದೆ?” ಎಂದರು.

ಅತ್ತೆ ಈಗ ನಮ್ಮ ಭಾಷೆಯಲ್ಲೇ ಮಾತಾಡಿದರು. ದನಿ ಎತ್ತರಿಸಲಿಲ್ಲ.

“ಲಿಖಿತ ಏನೂ ಇಲ್ಲ. ನಮ್ಮೆಜಮಾನರು ತೀರಿಕೊಂಡ ವರ್ಷ ಈ ಅಳಿಯಂದಿರೇ ನನ್ನ ಪೆಟ್ಟಿಗೆ ಹೊತ್ಕೊಂಡು ಮೂರು ಮಹಡಿ ಹತ್ತಿದ್ರು. ಕಿಟಕಿ ತೆಗೆದು, ‘ಅತ್ತೆ, ಇನ್ಮೇಲೆ ಇದು ನಿಮ್ಮ ರೂಮು, ಯಾರೂ ಕೇಳಲ್ಲ’ ಅಂದ್ರು. ಪದ ಹದಿನೆಂಟು, ಐತಿಹಾಸಿಕ ಹಕ್ಕು. ಅದರ ಕೆಳಗೆ ಬರೆದಿದೀನಿ.”

ಪತ್ರಿಕೆಯವರಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ನಿರ್ದೇಶಕರು ತಮ್ಮ ಕುರ್ಚಿಗೆ ಮರಳಿ ಕೂತರು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ನಮ್ಮ ಕಚೇರಿಗೆಲ್ಲ ಗೊತ್ತು. ಹೊಳೆಯಾಚೆಯ ಮುಖಂಡರೂ ಯಾಕೋ ತಮ್ಮ ಉಂಗುರವನ್ನು ತಿರುಗಿಸುತ್ತಾ ಕೂತರು.

“ಮತಕ್ಕೆ ಹಾಕುತ್ತೇನೆ,” ಎಂದರು ಮಧ್ಯಸ್ಥರು. “ಕೋಣೆ ಅತ್ತೆಗೆ ಮರಳಬೇಕು ಎನ್ನುವವರು ಕೈ ಎತ್ತಿ.”

ಹೊಳೆಯಾಚೆಯವರ ಹನ್ನೊಂದೂ ಕೈ ಮೇಲೆದ್ದವು. ನಮ್ಮ ಕಡೆ ಮೊದಲು ನಾನು ಎತ್ತಿದೆ, ಮಂಚ ಹೊತ್ತ ಕೈಯನ್ನೇ ಎತ್ತಿದೆ. ನಿರ್ದೇಶಕರು ಪತ್ರಿಕೆಯವರ ಕ್ಯಾಮೆರಾಗಳನ್ನೂ, ತಮ್ಮ ಹೆಂಡತಿ ಬೆಳಿಗ್ಗೆ ಪತ್ರಿಕೆ ಓದುವುದನ್ನೂ ನೆನೆಸಿಕೊಂಡು ಎರಡೂ ಕೈ ಎತ್ತಿದರು. ಗಾಜಿನ ಗೂಡಿನೊಳಗೆ ಮತದ ಹಕ್ಕಿಲ್ಲದ ದುಭಾಷಿಯೂ ಎತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಮೊಸ್ಯೂ ನೆಲ ನೋಡುತ್ತಾ ಎತ್ತಿದ.

ಒಮ್ಮತ! ಭಾಷೆಯ ತೀರ್ಮಾನ ಬಿಟ್ಟರೆ ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು! ಎರಡೂ ದೇಶದವರು ಮೇಜು ದಾಟಿ ಅಪ್ಪಿಕೊಂಡರು. ಇದೇ ಬಿಸಿಯಲ್ಲಿ ಆಗಲಿ ಎಂದು ಮಧ್ಯಸ್ಥರು, “ಹಾಗಾದರೆ ಇದೇ ನ್ಯಾಯವನ್ನು ದಿಬ್ಬಕ್ಕೂ…” ಎನ್ನುವಷ್ಟರಲ್ಲಿ ನಮ್ಮ ನಿರ್ದೇಶಕರು, “ಅದು ಬೇರೆ ವಿಷಯ!” ಎಂದು ಕೂಗಿದರು. ಹಾಗಾದರೆ ದಿಬ್ಬ ಸಿಕ್ಕ ಮೇಲೆ ತಾವು ಹಿಡಿದಿಟ್ಟಿರುವ ಕೆಳಹೊಳೆಯ ಇನ್ನೆರಡು ದಿಬ್ಬಗಳ ಮಾತು ಬರುತ್ತದೆಂದು ಹೊಳೆದು, “ಪೂರ್ತಿ ಬೇರೆ ವಿಷಯ!” ಎಂದು ಆಚೆಯ ಮುಖಂಡರೂ ಕೂಗಿದರು. ಅದೂ ಒಮ್ಮತವೇ ಎಂದು ಮಧ್ಯಸ್ಥರು ಬರೆದುಕೊಂಡರು.

ಅಂದೇ ಸಂಜೆ ಐದಕ್ಕೆ ಆದೇಶ ಹೊರಬಿತ್ತು. ಎರಡೂ ದೇಶಗಳ ಪದಪಟ್ಟಿ ಸಿದ್ಧಪಡಿಸುವವರು ಇನ್ನು ಮುಂದೆ ಅತ್ತೆ. ಅವರ ಫೈಲು ಹೊತ್ತು ಹಿಂದೆ ಹೋಗುವ ಸಹಾಯಕ ಮೊಸ್ಯೂ.

ನಾವು ಮೂವರೂ ಮೆಟ್ಟಿಲು ಹತ್ತಿದೆವು. ಎಲ್ಲಾ ಬಾಗಿಲಲ್ಲೂ ಜನ. ದರ್ಜಿ ಚಪ್ಪಾಳೆ ತಟ್ಟಿದ. ಮೊಸ್ಯೂ ಯಾರ ಮುಖವನ್ನೂ ನೋಡದೆ ನೇರವಾಗಿ ಮುಂದಿನ ಕೋಣೆಗೆ ಹೋಗಿ, ಕಪಾಟನ್ನು ಒಬ್ಬನೇ ನೂಕತೊಡಗಿದ. ಅದು ಅಲುಗಲಿಲ್ಲ. ನಾನು ಕೈ ಕೊಟ್ಟೆ. ಮೇಜನ್ನು ಅವನ ಹೆಂಡತಿ ಎಳೆದಳು. ಅರ್ಧ ಗಂಟೆಯಲ್ಲಿ ಕೋಣೆ ಖಾಲಿಯಾಯಿತು. ಅತ್ತೆ ಹಿಂದಿನ ಕೋಣೆಯಲ್ಲಿ ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದರು. ಮೊಸ್ಯೂ ಬೆವರುತ್ತಾ ಅವರ ಮುಂದೆ ಬಂದು ನಿಂತ. ಅವನ ಕಣ್ಣು ಕೆಂಪಗಾಗಿತ್ತು, ನಾಚಿಕೆಗೋ ಸಿಟ್ಟಿಗೋ ನಾನು ಹೇಳಲಾರೆ.

“ಎರಡು ದೇಶದ ಮುಂದೆ ನನ್ನ ಮಾನ ಹೋಯ್ತಲ್ಲ ಅತ್ತೆ. ಆ ರೂಮು ನನಗೆ ಬೇಕು ಅಂತ, ಕಿಟಕಿ ಇಲ್ದೆ ಆಗಲ್ಲ ಅಂತ, ನಮ್ಮ ಭಾಷೇಲೇ ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಹೇಳಿದ್ನಲ್ಲ ಅಳಿಯಂದಿರೇ. ಮಂಚ ಎತ್ತಿದ ದಿನ ಹೇಳ್ದೆ. ಅದರ ಮಾರನೇ ದಿನ ಹೇಳ್ದೆ. ನೀವು ಊಟಕ್ಕೆ ಕೂತಾಗ ಪಕ್ಕದಲ್ಲಿ ನಿಂತು ಹೇಳ್ದೆ. ಮೂರು ಸಲಾನೂ ‘ಹೂಂ, ಹೂಂ’ ಅಂದ್ರಿ. ನಮ್ಮ ಭಾಷೇಲಿ ಕೇಳಿಸ್ತಿಲ್ಲವೇನೋ ಅಂತ ಫ್ರೆಂಚಲ್ಲಿ ಬರೆದೆ.”

ಮೊಸ್ಯೂ ಬಗ್ಗಿ ಮಂಚದ ಒಂದು ತುದಿ ಹಿಡಿದು, “ಏಳಿ ಅತ್ತೆ,” ಎಂದ. “ಎಲ್ಲಿ ಹಾಕಲಿ, ಹೇಳಿ. ಕೇಳಿಸ್ತಾ ಇದೆ.”